ಮೊದಲು ಕಾವು, ಆಮೇಲೆ ಕಾಳು

ಬೇಲಿ ಹತ್ತಿರಕ್ಕೇ ಬನ್ನಿ. ಅಲ್ಲಿ ಜಗಲಿ ಮೇಲಿಂದ ಮಾತಾಡಿದರೆ ಅರ್ಧ ಮಾತು ಗಾಳಿಗೆ ಹೋಗುತ್ತೆ. ಆ ದಾಸವಾಳದ ಪಕ್ಕ ಒಂದು ಸಂದಿದೆ ನೋಡಿ, ಅಲ್ಲಿ ನಿಂತರೆ ಇಬ್ಬರಿಗೂ ನೆರಳು. ನಿನ್ನೆ ಸಂಜೆ ನಿಮ್ಮ ಮಗಳು ಓಡಿ ಬಂದು, "ಆಂಟಿ, ಗುರುವಾರ ನಮ್ಮನೆಗೆ ಕೋಳಿಮರಿ ಬರ್ತವೆ, ಹತ್ತು ಮರಿ!" ಅಂತ ಹೇಳಿ ಬಂದಷ್ಟೇ ಬೇಗ ಹೊರಟುಹೋದಳು. ಆಗಿನಿಂದ ನನಗೆ ಕೈಕಾಲು ನಿಂತಿಲ್ಲ. ಬೆಂಗಳೂರು ಬಿಟ್ಟು ನಮ್ಮ ಬೇಲೂರಿನ ಈ ಮೂಲೆಗೆ ಬಂದು ನಿಮಗೆ ಇನ್ನೂ ವರ್ಷ ತುಂಬಿಲ್ಲ, ಆಗಲೇ ಹಿತ್ತಲಿಗೆ ಕೋಳಿ ತರ್ತಾ ಇದೀರಿ. ಹಿತ್ತಲು ಅಂದಮೇಲೆ ಕೆದಕುವುದಕ್ಕೆ ನಾಲ್ಕು ಕೋಳಿ ಇರಬೇಕು. ನನಗೆ ನಿಜವಾಗಿ ಸಂತೋಷ.

ಗುರುವಾರಕ್ಕೆ ಇನ್ನು ಮೂರೇ ದಿನ. ನೀವು ಆಗಲೇ ಐದು ಕೆಜಿ ನುಚ್ಚು ತಂದಿಟ್ಟಿದ್ದೀರಂತೆ. ಎಲ್ಲರೂ ಹಾಗೇ. ಮರಿ ತರುತ್ತೇವೆ ಅಂದವರು ಮೊದಲು ಕೇಳೋದು, "ಏನು ತಿನ್ನಿಸಬೇಕು?" ಅಂತ. ನಾನು ಹೇಳೋದು ಬೇರೆ. ಕೋಳಿಮರಿಗೆ ಮೊದಲು ಬೇಕಾದ್ದು ಕಾವು, ಕಾಳು ಆಮೇಲೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ಮರಿ ಉಳಿದ ಹಾಗೆ.

ಇದನ್ನು ನನಗೆ ಕಲಿಸಿದ್ದು ಒಂದು ಗುಲಾಬಿ ಬಣ್ಣದ ಮರಿ. ಆಗ ನನಗೆ ಎಂಟು ವರ್ಷ. ಚೆನ್ನಕೇಶವನ ತೇರಿನ ಸಂತೆಯಲ್ಲಿ ಒಬ್ಬ ಬಿದಿರು ಮಂಕರಿ ತುಂಬ ಬಣ್ಣದ ಮರಿಗಳನ್ನು ಇಟ್ಟುಕೊಂಡು ಕೂತಿದ್ದ. ಹಸಿರು, ನೇರಳೆ, ಗುಲಾಬಿ. ಅಜ್ಜಿಯ ಸೆರಗು ಹಿಡಿದು ಅತ್ತು ಒಂದನ್ನು ಕೊಡಿಸಿಕೊಂಡೆ. ರಟ್ಟಿನ ಡಬ್ಬದಲ್ಲಿ ಕಾಗದ ಹಾಸಿ, ಸುತ್ತ ಅಕ್ಕಿ ಚೆಲ್ಲಿ, ಬಟ್ಟಲಲ್ಲಿ ನೀರಿಟ್ಟು ಮಲಗಿದೆ. ರಾತ್ರಿಯೆಲ್ಲ ಅದು ಕೂಗುತ್ತಲೇ ಇತ್ತು. ಎರಡು ಸಲ ಎದ್ದು ಇನ್ನಷ್ಟು ಅಕ್ಕಿ ಹಾಕಿದೆ. ಬೆಳಗಿನ ಜಾವ ಸದ್ದು ನಿಂತಿತು. ಬೆಳಕಾದ ಮೇಲೆ ನೋಡಿದರೆ ಅಕ್ಕಿ ಹಾಕಿದ ಹಾಗೇ ಇದೆ, ಮರಿ ಮೂಲೆಯಲ್ಲಿ ತಣ್ಣಗಾಗಿದೆ. ಅಜ್ಜಿ ಬೈಯಲಿಲ್ಲ. "ಅದು ಅಕ್ಕಿ ಕೇಳಲಿಲ್ಲ ಮಗ, ಅವ್ವನ ಹೊಟ್ಟೆ ಅಡಿ ಜಾಗ ಕೇಳ್ತಿತ್ತು" ಅಂದರು.

ಆ ಬಣ್ಣದ ಮರಿಗಳ ಕತೆ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಮೊಟ್ಟೆಗಾಗಿ ಸಾಕುವ ತಳಿಗಳಲ್ಲಿ ಗಂಡುಮರಿ ಯಾರಿಗೂ ಬೇಡ. ಮೊಟ್ಟೆ ಇಡೋಲ್ಲ, ಮಾಂಸವೂ ಬೇಗ ತುಂಬೋಲ್ಲ. ಮರಿಮನೆಯಲ್ಲಿ ಒಡೆದ ದಿನವೇ ಹೆಣ್ಣು ಬೇರೆ, ಗಂಡು ಬೇರೆ ಮಾಡುತ್ತಾರೆ. ಬೇಡವಾದ ಗಂಡುಮರಿಗಳು ಬಣ್ಣದ ನೀರಿನಲ್ಲಿ ಮುಳುಗೆದ್ದು ಜಾತ್ರೆಗೆ ಬರುತ್ತವೆ. ಹುಟ್ಟಿ ಒಂದೆರಡು ದಿನ ಆಗಿರುತ್ತೆ, ಮೈ ಒದ್ದೆಯಾಗಿರುತ್ತೆ, ಬಿಸಿಲು, ಗಾಳಿ, ಮಕ್ಕಳ ಕೈ. ಬದುಕಿದರೆ ಗರಿ ಬಂದ ಹಾಗೆ ಬಣ್ಣ ಹೋಗುತ್ತೆ, ಆದರೆ ಬದುಕುವುದೇ ಅಪರೂಪ. ನಿಮ್ಮ ಮಗಳು ಜಾತ್ರೆಯಲ್ಲಿ ಕೇಳಿದರೆ ಕೊಡಿಸಬೇಡಿ. ಇಲ್ಲಿಗೆ ಕರೆತನ್ನಿ, ಬಣ್ಣ ಹಚ್ಚದ ಮರಿ ತೋರಿಸುತ್ತೇನೆ.

ಅಜ್ಜಿ ಹೇಳಿದ್ದು ಬರೀ ಮಮತೆಯ ಮಾತಲ್ಲ, ಅದರಲ್ಲಿ ಲೆಕ್ಕವೂ ಇದೆ. ಮರಿ ಚಿಪ್ಪು ಒಡೆದು ಬರುವ ಮೊದಲು ಮೊಟ್ಟೆಯಲ್ಲಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತೆ. ಎರಡು ಮೂರು ದಿನಕ್ಕೆ ಸಾಕಾಗುವ ಬುತ್ತಿ ಅದು. ಹೇಟೆ ಕಾವಿಗೆ ಕೂತಾಗ ಎಲ್ಲ ಮೊಟ್ಟೆಯೂ ಒಂದೇ ಗಳಿಗೆಗೆ ಒಡೆಯೋಲ್ಲ. ಮೊದಲು ಬಂದ ಮರಿ ಕೊನೆಯದಕ್ಕಾಗಿ ರೆಕ್ಕೆ ಅಡಿ ಕಾಯಬೇಕು. ಆ ಕಾಯುವಿಕೆಗೆ ಪ್ರಕೃತಿ ಕಟ್ಟಿಕೊಟ್ಟ ಬುತ್ತಿಯ ಮೇಲೆಯೇ ಇವತ್ತಿನ ಮರಿ ವ್ಯಾಪಾರ ನಿಂತಿದೆ. ಒಂದು ದಿನದ ಮರಿಗಳು ತೂತಿನ ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಊರಿಂದೂರಿಗೆ ಬರುವುದು ಇದರಿಂದಲೇ. ಹಸಿವು ತಡೆಯುತ್ತವೆ. ತಡೆಯದೇ ಇರುವುದು ಚಳಿಯನ್ನು.

ಕೋಳಿಯ ಮೈ ನಮ್ಮ ಮೈಗಿಂತ ಬಿಸಿ, 41 ಡಿಗ್ರಿ ಸೆಲ್ಸಿಯಸ್‌ಗೂ ತುಸು ಮೇಲೇ. ಮರಿಗೆ ಆ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಮೊದಲ ಎರಡು ಮೂರು ವಾರ ಇರುವುದಿಲ್ಲ. ಮೈಮೇಲಿನ ಆ ಹತ್ತಿಯಂಥ ತುಪ್ಪಳ ನೋಡೋಕೆ ಚೆಂದ, ಚಳಿಗೆ ಸಾಲದು. ನಿಜವಾದ ಗರಿ ಮೈತುಂಬ ಬರಲು ನಾಲ್ಕೈದು ವಾರ ಬೇಕು. ಅಲ್ಲಿಯವರೆಗೆ ಬಿಸಿ ಹೊರಗಿನಿಂದ ಬರಬೇಕು. ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ 35 ಡಿಗ್ರಿ ಇರಲಿ. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ ಅಂತಾರೆ. ಈ ವರ್ಷ ಶಿವರಾತ್ರಿ ಕಳೆದರೂ ನಮ್ಮೂರಲ್ಲಿ ಬೆಳಗಿನ ಜಾವಕ್ಕೆ ಕಂಬಳಿ ಬೇಕೇ ಬೇಕು. ನಮಗೇ ಬೇಕು ಅಂದಮೇಲೆ ಅಂಗೈಯಲ್ಲಿ ಹಿಡಿಸುವ ಜೀವಕ್ಕೆ ಬೇಡವೇ?

ಬಲ್ಬ್ ತಂದಿದ್ದೀರಾ? ಯಾವುದು, ತೋರಿಸಿ. ಅಯ್ಯೋ, ಇದು ಎಲ್‌ಇಡಿ. ಇದನ್ನು ದೇವರ ಮನೆಗೆ ಹಾಕಿ. ಇದು ಬೆಳಕು ಕೊಡುತ್ತೆ, ಬಿಸಿ ಕೊಡೋಲ್ಲ. ಹಳೇ ಕಾಲದ ಗಾಜಿನ ಬುರುಡೆ ಬಲ್ಬ್ ಬೇಕು, ಒಳಗೆ ತಂತಿ ಕಾದು ಕೆಂಪಗೆ ಉರಿಯುತ್ತಲ್ಲ, ಅದು. ಕರೆಂಟು ಹೆಚ್ಚು ತಿಂದು ಬಿಸಿಯಾಗಿ ವ್ಯರ್ಥ ಮಾಡುತ್ತೆ ಅಂತ ಅದನ್ನು ಮನೆಗಳಿಂದ ಓಡಿಸಿದರು. ನಮಗೆ ಬೇಕಾದ್ದು ಆ ಬಿಸಿಯೇ. ಹೋದ ವರ್ಷ ನಮ್ಮ ನೆಂಟರೊಬ್ಬರು 20 ಮರಿ ತಂದು, ಮೇಲೆ ಜಗಜಗ ಬೆಳಗುವ ಎಲ್‌ಇಡಿ ತೂಗುಹಾಕಿ ನಿಶ್ಚಿಂತೆಯಿಂದ ಮಲಗಿದರು. ಬೆಳಿಗ್ಗೆ ಉಳಿದದ್ದು ಒಂಬತ್ತು. ಬೆಳಕು ಕಂಡು ಬಿಸಿ ಇದೆ ಅಂದುಕೊಂಡರು. ಹಳೇ ಬಲ್ಬ್ ನನ್ನ ಹತ್ತಿರ ಎರಡಿವೆ, 60 ವ್ಯಾಟಿನವು. ಹತ್ತು ಮರಿಗೆ ಒಂದು ಸಾಕು, ಇನ್ನೊಂದು ಕೈಗಾವಲಿಗೆ. ಒಂದು ಸುಟ್ಟುಹೋದ ರಾತ್ರಿ ಯಾವ ಅಂಗಡಿಯೂ ತೆರೆದಿರೋಲ್ಲ.

ಬಲ್ಬನ್ನು ವೈರಿನಿಂದ ತೂಗಬೇಡಿ, ಕಬ್ಬಿಣದ ತಂತಿಯಿಂದ ಗಟ್ಟಿಯಾಗಿ ಕಟ್ಟಿ. ಕೆಳಗೆ ಭತ್ತದ ಹೊಟ್ಟು ಇರುತ್ತೆ, ಬಲ್ಬ್ ಕಳಚಿ ಬಿದ್ದರೆ ಬೆಂಕಿಯೇ ಸೈ. ನೆಲದಿಂದ ಒಂದು ಅಡಿಗಿಂತ ತುಸು ಮೇಲಿರಲಿ, ಆಮೇಲೆ ಮರಿ ಹೇಳಿದ ಹಾಗೆ ಏರಿಸಿ ಇಳಿಸಿ. ಕರೆಂಟು ಹೋದರೆ ಏನು ಮಾಡೋದು ಅಂತ ಈಗಲೇ ಯೋಚನೆ ಮಾಡಿ, ಆಗ ಅಲ್ಲ. ನಾನು ಬಾಟಲಿಗೆ ಬಿಸಿನೀರು ತುಂಬಿ, ಹಳೇ ಪಂಚೆ ಸುತ್ತಿ ನಡುವೆ ಇಡುತ್ತೇನೆ. ಮರಿಗಳು ಅದಕ್ಕೇ ಒರಗಿ ಮಲಗುತ್ತವೆ. ಎರಡು ಗಂಟೆಗೊಮ್ಮೆ ನೀರು ಬದಲಿಸಬೇಕು. ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಆ ಹೊಗೆ ಮರಿಗೂ ಆಗೋಲ್ಲ, ಪಕ್ಕದಲ್ಲಿ ಮಲಗಿದವರಿಗೂ ಆಗೋಲ್ಲ.

ಜಾಗ ದುಂಡಗಿರಲಿ. ಮೂಲೆ ಇರೋ ಪೆಟ್ಟಿಗೆ ಬೇಡ. ಚಳಿಯಾದರೆ, ಹೆದರಿದರೆ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ. ಅಡಿಯಲ್ಲಿ ಸಿಕ್ಕವು ಉಸಿರು ಕಟ್ಟಿ ಹೋಗುತ್ತವೆ. ಒಂದೂವರೆ ಅಡಿ ಎತ್ತರದ ರಟ್ಟನ್ನು ಬಳೆಯ ಹಾಗೆ ಬಾಗಿಸಿ ನಿಲ್ಲಿಸಿದರೆ ಆಯಿತು. ಒಳಗೆ ಎರಡಂಗುಲ ಹೊಟ್ಟು ಹಾಕಿ. ಮೊದಲ ಎರಡು ದಿನ ಹೊಟ್ಟನ್ನೇ ಕಾಳು ಅಂತ ತಿನ್ನುತ್ತವೆ, ಅದಕ್ಕೆ ಮೇಲೆ ಗೋಣಿಯನ್ನೋ ಹಳೇ ಹತ್ತಿ ಬಟ್ಟೆಯನ್ನೋ ಹಾಸಿ. ನಯವಾದ ಪತ್ರಿಕೆ ಹಾಸಬೇಡಿ. ಕಾಲು ಜಾರಿ ಜಾರಿ ಎರಡು ಕಡೆಗೂ ಅಗಲವಾಗಿ, ಆಮೇಲೆ ನೆಟ್ಟಗೆ ನಿಲ್ಲೋಕೆ ಬರೋಲ್ಲ. ಮರಿ ಬರುವ ನಾಲ್ಕು ಗಂಟೆ ಮೊದಲೇ ಬಲ್ಬ್ ಹಾಕಿ ಜಾಗ ಬೆಚ್ಚಗೆ ಮಾಡಿಟ್ಟಿರಿ. ಬಾಣಂತಿ ಮನೆಗೆ ಬರುವ ಮುಂಚೆ ಒಲೆ ಹಚ್ಚಿಡೋಲ್ಲವೇ, ಹಾಗೆ.

ಥರ್ಮಾಮೀಟರ್ ತಂದಿದ್ದರೆ ಒಳ್ಳೇದು. ಇಲ್ಲದಿದ್ದರೆ ಚಿಂತೆ ಬೇಡ, ಮರಿಗಳೇ ಹೇಳುತ್ತವೆ. ಬಲ್ಬಿನ ಅಡಿಗೆ ಗುಂಪುಕಟ್ಟಿ ಮುದ್ದೆಯಾಗಿ ನಿಂತಿವೆಯೋ, ಚಳಿ, ಬಲ್ಬ್ ಇಳಿಸಿ. ಅಂಚಿಗೆ ಸರಿದು ರೆಕ್ಕೆ ಬಿಟ್ಟು ಬಾಯಿ ತೆರೆದು ಉಸಿರಾಡುತ್ತಿವೆಯೋ, ಸೆಖೆ, ಏರಿಸಿ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿವೆಯೋ, ಇನ್ನೊಂದು ಪಕ್ಕದಿಂದ ಗಾಳಿ ಬರುತ್ತಿದೆ. ಸಂದು ಹುಡುಕಿ ಮುಚ್ಚಿ. ಅಲ್ಲೊಂದು ಇಲ್ಲೊಂದು ಚೆಲ್ಲಿಕೊಂಡು, ಒಂದು ತಿನ್ನುತ್ತಾ, ಒಂದು ಕಾಲು ಚಾಚಿ ಮಲಗಿದ್ದರೆ ನೀವೂ ಹೋಗಿ ಮಲಗಬಹುದು. ಕಾಲು ಚಾಚಿ ಅಡ್ಡ ಬಿದ್ದದ್ದನ್ನು ಕಂಡು ಮೊದಲ ದಿನ ಎದೆ ಧಸಕ್ಕೆನ್ನುತ್ತೆ. ಅದು ಸತ್ತಿರೋಲ್ಲ, ಹಾಯಾಗಿ ನಿದ್ದೆ ಮಾಡ್ತಿರುತ್ತೆ.

ಕಣ್ಣಿಗಿಂತ ಕಿವಿ ದೊಡ್ಡದು. ಬೆಚ್ಚಗಿರುವ ಮರಿಗಳ ಸದ್ದು ಒಳಗೊಳಗೇ ಮಾತಾಡಿಕೊಂಡ ಹಾಗೆ, ಮೆತ್ತಗೆ, ಬಿಟ್ಟು ಬಿಟ್ಟು. ಚಳಿಯಾದ ಮರಿ ಕೂಗುವುದು ಬೇರೆ: ಉದ್ದ, ಚೂಪು, ಒಂದೇ ಸಮ. ಆ ಗುಲಾಬಿ ಮರಿ ಇಡೀ ರಾತ್ರಿ ಕೂಗಿದ್ದು ಈ ಕೂಗು. ಈಗ ನಾನು ಎಷ್ಟೇ ಗಾಢ ನಿದ್ದೆಯಲ್ಲಿದ್ದರೂ ಆ ಕೂಗು ಬಂದರೆ ಕಾಲು ತಾನಾಗಿ ನೆಲಕ್ಕಿಳಿಯುತ್ತೆ.

ಗುರುವಾರ ಪೆಟ್ಟಿಗೆ ಬಂದ ತಕ್ಷಣ ಕಾಳು ಸುರಿಯಬೇಡಿ. ಮೊದಲು ನೀರು. ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರಿಗೆ ಚೂರು ಬೆಲ್ಲ ಹಾಕಿ. ದಾರಿ ಪ್ರಯಾಣದಿಂದ ದಣಿದ ಜೀವಕ್ಕೆ ಅದು ಪಾನಕ. ಒಂದೊಂದನ್ನೇ ಎತ್ತಿ, ಕೊಕ್ಕಿನ ತುದಿ ಮಾತ್ರ ನೀರಿಗೆ ಒಂದು ಸಲ ತಾಗಿಸಿ ಕೆಳಗೆ ಬಿಡಿ. ಒಂದು ಕಲಿತರೆ ಮಿಕ್ಕವು ನೋಡಿ ಕಲಿಯುತ್ತವೆ. ಬಟ್ಟಲು ಆಳವಿಲ್ಲದ್ದಿರಲಿ, ಒಳಗೆ ಬೆಣಚುಕಲ್ಲು ಹಾಕಿ. ಕಲ್ಲಿನ ಸಂದಿಯಿಂದ ಕುಡಿಯಲಿ, ಮೈ ಮುಳುಗದಿರಲಿ. ಒದ್ದೆಯಾದ ಮರಿ ಅಂದರೆ ಚಳಿ ಹಿಡಿದ ಮರಿ, ನೋಡಿ, ಮತ್ತೆ ಕಾವಿಗೇ ಬಂದೆವು. ಎರಡು ಮೂರು ಗಂಟೆ ಕಳೆದ ಮೇಲೆ ಜೋಳದ ರವೆಯನ್ನು ಬಟ್ಟೆ ಮೇಲೆ ತೆಳ್ಳಗೆ ಉದುರಿಸಿ. ಬೆರಳ ತುದಿಯಿಂದ ಟಕ ಟಕ ಬಡಿದು ತೋರಿಸಿ. ಹೇಟೆ ಕೊಕ್ಕಿನಿಂದ ಹಾಗೇ ಮಾಡುತ್ತೆ. ರಾತ್ರಿ ಮಲಗುವ ಮುಂಚೆ ಒಂದೊಂದರ ಎದೆಯ ಮೇಲಿನ ಕಾಳುಚೀಲ ಮುಟ್ಟಿ ನೋಡಿ. ಮೆತ್ತಗೆ ತುಂಬಿದ್ದರೆ ತಿಂದಿದೆ ಅಂತ. ಖಾಲಿ ಇದ್ದುದನ್ನು ಬೇರೆ ಹಿಡಿದು ಕುಡಿಸಿ.

ಮರಿ ಬಂದ ಮಾರನೇ ದಿನ, ಅದರ ಮಾರನೇ ದಿನ ಹಿಂಬದಿಯೂ ನೋಡಿ. ಕೆಲವಕ್ಕೆ ಹಿಕ್ಕೆ ಅಂಟಿ ಒಣಗಿ ದ್ವಾರ ಮುಚ್ಚಿಬಿಟ್ಟಿರುತ್ತೆ. ಬಿಟ್ಟರೆ ಎರಡು ದಿನದಲ್ಲಿ ಸಾಯುತ್ತೆ. ಕಿತ್ತರೆ ಚರ್ಮ ಬರುತ್ತೆ. ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಒರೆಸಿ, ಮೈ ಆರಿಸಿ ಒಳಗೆ ಬಿಡಿ. ಮಗಳು ಮಾಡಲಿ, ಮಕ್ಕಳ ಬೆರಳು ಸಣ್ಣ. ಆಮೇಲೆ ಮಾತ್ರ ಸೋಪು ಹಾಕಿ ಕೈ ತೊಳೆಯಬೇಕು, ಮರಿಗೆ ಮುತ್ತು ಕೊಡಬಾರದು. ಕೋಳಿಯ ಹಿಕ್ಕೆಯಲ್ಲಿ ನಮ್ಮ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿ ಇರುತ್ತವೆ.

ಆ ಐದು ಕೆಜಿ ನುಚ್ಚು ದಂಡವಾಗೋಲ್ಲ, ಮುಂದೆ ಬೇಕಾಗುತ್ತೆ. ಆದರೆ ಬರೀ ನುಚ್ಚು, ರಾಗಿ ಹಾಕಿದರೆ ಮರಿ ಬದುಕುತ್ತೆ, ಬೆಳೆಯೋಲ್ಲ. ಮೊದಲ ಆರೇಳು ವಾರ ನೂರಕ್ಕೆ 20 ಪಾಲು ಪ್ರೋಟೀನ್ ಇರೋ ಮರಿ ಆಹಾರ ಅಂಗಡಿಯಲ್ಲೇ ಸಿಗುತ್ತೆ, ಅದನ್ನು ತನ್ನಿ. ನಮ್ಮಜ್ಜಿ ಕಾಲದಲ್ಲಿ ಆ ಕೆಲಸ ಗೆದ್ದಲಿನದು. ಒಡಕು ಮಡಕೆಗೆ ಸಗಣಿ, ಒಣಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕೋರು. ಬೆಳಿಗ್ಗೆ ಎತ್ತಿದರೆ ಮಡಕೆ ತುಂಬ ಗೆದ್ದಲು. ಹೇಟೆಯ ಮುಂದೆ ಕೊಡವಿದರೆ ಸಾಕು, "ಲೊಕ್ ಲೊಕ್ ಲೊಕ್" ಅಂತ ಕರೆದು ಮರಿಗಳಿಗೆ ತೋರಿಸಿ ತೋರಿಸಿ ತಿನ್ನಿಸೋದು. ನಾನು ಈಗಲೂ ವಾರಕ್ಕೊಮ್ಮೆ ಮಡಕೆ ಹಾಕುತ್ತೇನೆ. ಮೂರನೇ ವಾರದಿಂದ ನಿಮ್ಮ ಮರಿಗೂ ಕೊಡುತ್ತೇನೆ.

ಯಾವ ತಳಿ ಹೇಳಿದ್ದೀರಿ? ಗಿರಿರಾಜವೇ? ಒಳ್ಳೇದು. ಬೆಂಗಳೂರಿನಿಂದ ಬಂದವರಿಗೆ ಬೆಂಗಳೂರಿನ ಕೋಳಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ, ಅದು ಕೃಷಿ ವಿಶ್ವವಿದ್ಯಾಲಯದ ಕೈಲಿದ್ದಾಗ, 1980ರ ದಶಕದಲ್ಲಿ ರೂಪಿಸಿದ ತಳಿ ಅದು. ಹಿತ್ತಲಲ್ಲಿ ಕೆದಕಿ ತಿಂದುಕೊಂಡೇ ಬೆಳೆಯಲಿ ಅಂತ ಮಾಡಿದ್ದು. ನಾಟಿ ಕೋಳಿ ವರ್ಷಕ್ಕೆ ಮೂರು ನಾಲ್ಕು ಸಲ ಹದಿನೈದಿಪ್ಪತ್ತು ಮೊಟ್ಟೆ ಇಟ್ಟು ಕಾವಿಗೆ ಕೂತರೆ, ಗಿರಿರಾಜ 130ರಿಂದ 150 ಮೊಟ್ಟೆ ಕೊಡುತ್ತೆ. ಆಮೇಲೆ ಸ್ವರ್ಣಧಾರ ಬಂತು. ಹೈದರಾಬಾದಿನ ವನರಾಜ ಇದೆ, ಹೆಸರಘಟ್ಟದ ಕೇಂದ್ರದಿಂದ ಬಂದ ಕಾವೇರಿ ಇದೆ. ಮಧ್ಯಪ್ರದೇಶದ ಝಾಬುವಾದ ಕಪ್ಪು ಮಾಂಸದ ಕಡಕನಾಥಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಮೇಲೆ ನಮ್ಮ ಕಡೆಗೂ ಬಂದಿದೆ. ಯಾವುದಾದರೂ ಆಗಲಿ, ಒಂದು ತಿಳಿದಿರಿ. ಮೊಟ್ಟೆ ಹೆಚ್ಚು ಇಡುವ ತಳಿಗೆ ಕಾವಿಗೆ ಕೂರುವುದು ಮರೆತೇಹೋಗಿರುತ್ತೆ. ಮೊಟ್ಟೆ ಇಟ್ಟು ಎದ್ದು ಹೋಗುತ್ತೆ. ಕಾವು ಬೇಕು ಅಂದರೆ ಮತ್ತೆ ನಾಟಿ ಹೇಟೆಯ ಬಳಿಗೇ ಬರಬೇಕು.

ಕೋಳಿಯ ಕಾಲಿನ ವಿಷಯ ಒಂದು ಹೇಳಬೇಕು, ನಿಮ್ಮ ಮಗಳಿಗೂ ಹೇಳಿ. ಊರುಕೋಳಿಗಳ ಮೂಲ ಕೆಂಪು ಕಾಡುಕೋಳಿ ಅಂತ ಎಲ್ಲರೂ ಓದಿರುತ್ತೀರಿ. ಅದರ ಕಾಲು ಹಳದಿಯಲ್ಲ. ಹಾಗಾದರೆ ನಮ್ಮ ಅನೇಕ ಕೋಳಿಗಳಿಗೆ ಹಳದಿ ಕಾಲು ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ವಂಶವಾಹಿ ನೋಡಿ, ಆ ಹಳದಿ ಬಹುಪಾಲು ಬೂದು ಕಾಡುಕೋಳಿಯಿಂದ ಬಂದದ್ದು ಅಂತ ತೋರಿಸಿದರು. ಬೂದು ಕಾಡುಕೋಳಿ ಅಂದರೆ ನಮ್ಮದೇ, ಸಕಲೇಶಪುರದ ಕಡೆ ಕಾಫಿ ತೋಟದಂಚಿನಲ್ಲಿ ಬೆಳಿಗ್ಗೆ ತುಂಡು ತುಂಡಾಗಿ ಕೂಗುತ್ತಲ್ಲ, ಅದು. ಪ್ರಪಂಚದ ಯಾವ ಮೂಲೆಯ ಹಳದಿ ಕಾಲಿನ ಕೋಳಿಯನ್ನು ನೋಡಿದರೂ ಅದರೊಳಗೆ ದಕ್ಷಿಣ ಭಾರತದ ಕಾಡಿನ ಒಂದು ಹನಿ ಇದೆ. ಅದನ್ನು ತಿಳಿದ ಮೇಲೆ ನಾನು ಮರಿಯ ಕಾಲು ಹಿಡಿದು ನೋಡದ ದಿನವಿಲ್ಲ.

ಈಗ ನಾವಿಬ್ಬರೂ ಸೇರಿ ಮಾಡಬೇಕಾದ ಕೆಲಸ ಒಂದಿದೆ. ಲಸಿಕೆ. ನಮ್ಮ ಕಡೆ ಕೊಕ್ಕರೆ ರೋಗ ಅಂತಾರೆ, ಪುಸ್ತಕದಲ್ಲಿ ರಾಣಿಖೇತ್. ಹಿಮಾಲಯದ ತಪ್ಪಲಿನ ರಾಣಿಖೇತ್ ಊರಲ್ಲಿ 1920ರ ದಶಕದಲ್ಲಿ ಕಾಣಿಸಿದ್ದರಿಂದ ಆ ಹೆಸರು. ಹಸಿರು ಬಿಳಿ ಭೇದಿ, ಬಾಯಿ ತೆರೆದು ಏದುಸಿರು, ಬದುಕಿದ್ದಕ್ಕೆ ಕತ್ತು ತಿರುಚಿಕೊಳ್ಳೋದು. ಬಂದಮೇಲೆ ಮದ್ದಿಲ್ಲ. ನಾನು ಮದುವೆಯಾಗಿ ಬಂದ ಎರಡನೇ ಬೇಸಿಗೆಯಲ್ಲಿ ಈ ಬೀದಿಯ ಹಿತ್ತಲುಗಳಲ್ಲಿ ಒಂದು ಕೋಳಿಯೂ ಕೂಗದ ಹದಿನೈದು ದಿನ ಬಂದಿದ್ದವು. ಆ ಮೌನ ನೆನೆಸಿಕೊಂಡರೆ ಈಗಲೂ ಕಷ್ಟವಾಗುತ್ತೆ. ಒಂದು ಹನಿ ಲಸಿಕೆ ಕಣ್ಣಿಗೆ ಬಿಟ್ಟಿದ್ದರೆ ಅವೆಲ್ಲ ಉಳಿಯುತ್ತಿದ್ದವು.

ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಹದಿನಾಲ್ಕರ ಸುಮಾರಿಗೆ ಗಂಬೋರೊ ರೋಗದ್ದು. ನಾಲ್ಕನೇ ವಾರ ಮತ್ತೆ ಕೊಕ್ಕರೆ ರೋಗದ್ದು, ಎರಡು ತಿಂಗಳಿಗೆ ಅದರದೇ ಚುಚ್ಚುಮದ್ದು. ತಾರೀಕು ಪಶು ಆಸ್ಪತ್ರೆಯ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ತೊಡಕು ಏನಪ್ಪಾ ಅಂದರೆ, ಸೀಸೆಯಲ್ಲಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಇರುತ್ತೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಐಸಿನ ಮೇಲಿರಬೇಕು. ಹತ್ತು ಮರಿಗೆ ಯಾರು ಸೀಸೆ ತರುತ್ತಾರೆ ಅಂತ ಬಿಡುತ್ತಾರೆ, ಅಲ್ಲೇ ಕೋಳಿ ಹೋಗೋದು. ನಿಮ್ಮ ಹತ್ತು, ನನ್ನವು, ಹಿಂದಿನ ಬೀದಿಯವರದು ಎಲ್ಲ ಸೇರಿಸಿದರೆ ಸೀಸೆ ಖಾಲಿಯಾಗುತ್ತೆ. ನಿಮ್ಮ ಹತ್ತಿರ ಫ್ರಿಜ್ ಇದೆ, ನನಗೆ ಮರಿ ಹಿಡಿಯೋಕೆ ಬರುತ್ತೆ. ರೋಗಕ್ಕೆ ಬೇಲಿ ಕಾಣೋಲ್ಲ, ಲಸಿಕೆಯೂ ಬೇಲಿ ನೋಡಬಾರದು.

ಇನ್ನೊಂದು ರೋಗ ಮಳೆಯಲ್ಲಿ ಬರುತ್ತೆ, ರಕ್ತಭೇದಿ. ಒದ್ದೆ ಹೊಟ್ಟೇ ಅದರ ತವರು. ಹೊಟ್ಟನ್ನು ದಿನಾ ಕೆದರಿ, ನೀರಿನ ಬಟ್ಟಲ ಸುತ್ತ ಒದ್ದೆಯಾದದ್ದನ್ನು ತೆಗೆದು ಒಣ ಹೊಟ್ಟು ಹಾಕಿದರೆ ಮುಕ್ಕಾಲು ದೂರ. ನೀವು ಈಗ ತರುತ್ತಿರೋದು ಒಳ್ಳೇ ಕಾಲ. ಜೂನಿನ ಮಳೆ ಹಿಡಿಯೋ ಹೊತ್ತಿಗೆ ಮರಿಗಳಿಗೆ ಮೂರು ತಿಂಗಳಾಗಿ ಮೈತುಂಬ ಗರಿ ಇರುತ್ತೆ.

ಶತ್ರುಗಳ ವಿಷಯ ನಿಮಗೆ ಹೇಳಬೇಕಿಲ್ಲ, ಮುಂಗುಸಿಯನ್ನು ನೀವೇ ಮೊನ್ನೆ ನೋಡಿ ಫೋಟೋ ತೆಗೆದಿರಿ. ಹಗಲು ಮುಂಗುಸಿ, ಕಾಗೆ, ಹದ್ದು. ರಾತ್ರಿ ಹೆಗ್ಗಣ, ಕಾಡುಬೆಕ್ಕು, ಹಾವು. ಗೂಡಿಗೆ ಅರ್ಧ ಅಂಗುಲದ ಜಾಲರಿಯೇ ಬೇಕು. ಅಗಲ ಕಣ್ಣಿನ ಜಾಲರಿ ಕೋಳಿಯನ್ನು ಒಳಗಿಡುತ್ತೆ, ಹೆಗ್ಗಣವನ್ನು ಹೊರಗಿಡೋಲ್ಲ. ಗೂಡು ನೆಲದಿಂದ ಎರಡಡಿ ಮೇಲಿರಲಿ. ಹೇಟೆ ಇದ್ದರೆ ಹಗಲಿನ ಕಾವಲು ಅದರದೇ. ಹದ್ದಿಗೆ ಒಂದು ಕೂಗು, ನೆಲದ ಮೇಲಿನ ಶತ್ರುವಿಗೆ ಇನ್ನೊಂದು. ಆಕಾಶದಲ್ಲಿ ನೆರಳು ಕಂಡರೆ "ಕೊರ್‍ರ್" ಅಂತ ಉದ್ದಕ್ಕೆ ಎಳೆಯುತ್ತೆ, ಮರಿಗಳು ನಿಂತಲ್ಲೇ ಕಲ್ಲಾಗುತ್ತವೆ ಅಥವಾ ರೆಕ್ಕೆ ಅಡಿ ಸೇರುತ್ತವೆ. ಬೆಕ್ಕು ಕಂಡರೆ "ಕಟಕಟ ಕಟಾಕ್" ಅಂತ ಊರಿಗೆಲ್ಲ ಸಾರುತ್ತೆ. ಬಲ್ಬು ಬಿಸಿ ಕೊಡಬಹುದು, ಈ ಎರಡು ಮಾತು ಕಲಿಸೋಕಾಗೋಲ್ಲ.

ಒಂದು ಮಾತು ನಿಮ್ಮ ಮಗಳು ಇಲ್ಲದಾಗ ಹೇಳಬೇಕು ಅಂತಿದ್ದೆ. ಹತ್ತರಲ್ಲಿ ನಾಲ್ಕೈದು ಹುಂಜ ಆಗುತ್ತವೆ. ಎರಡು ತಿಂಗಳ ಹೊತ್ತಿಗೆ ಜುಟ್ಟು ಕೆಂಪಾಗಿ ಗೊತ್ತಾಗುತ್ತೆ. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಹೆಚ್ಚಾದರೆ ತಾವೂ ಕಾದಾಡುತ್ತವೆ, ಹೇಟೆಗಳ ಬೆನ್ನಿನ ಗರಿಯನ್ನೂ ಕಿತ್ತುಹಾಕುತ್ತವೆ. ಮಿಕ್ಕವನ್ನು ಏನು ಮಾಡುತ್ತೀರಿ ಅಂತ ಈಗಲೇ ಮನೆಯಲ್ಲಿ ಕೂತು ಮಾತಾಡಿ. ನಮ್ಮ ಮನೆಯಲ್ಲಿ ಯುಗಾದಿ ಮಾರನೇ ದಿನ ಹೊಸತೊಡಕಿಗೆ ಹುಂಜ ಆಗುತ್ತೆ. ಅದನ್ನು ಮಕ್ಕಳಿಂದ ಮುಚ್ಚಿಟ್ಟಿಲ್ಲ. ಅಲ್ಲಿಯವರೆಗೆ ಅದು ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಂಡು, ಮಣ್ಣಲ್ಲಿ ಹೊರಳಿ, ಹೊಟ್ಟೆ ತುಂಬ ತಿಂದು ಬದುಕಿರುತ್ತೆ. ಒಂದು ದಿನವೂ ಅದು ಚಳಿಗೆ ಕೂಗುವ ಹಾಗೆ ಬಿಟ್ಟಿರೋಲ್ಲ. ನಾವು ಕೊಡಬಹುದಾದ ಗೌರವ ಅದು. ನೀವು ತಿನ್ನದವರಾದರೆ ಹುಂಜ ಬೇಕು ಅನ್ನೋರಿಗೆ ಕೊಡಿ. ಆದರೆ ಮಗಳಿಗೆ ನಿಜ ಹೇಳಿ. ಎಂಟು ವರ್ಷದ ಮಗುವಿಗೆ ನಿಜ ತಡೆದುಕೊಳ್ಳುವ ಶಕ್ತಿ ಇರುತ್ತೆ. ನಮ್ಮಜ್ಜಿ ನನಗೆ ಹೇಳಿದರಲ್ಲ.

ಇಷ್ಟು ಹೊತ್ತು ನಿಮ್ಮನ್ನು ನಿಲ್ಲಿಸಿಕೊಂಡು ಮಾತಾಡಿದ್ದು ಒಂದು ಮಾತಿಗೆ ಬರೋಕೆ. ನಮ್ಮ ಕೆಂಚಿ ಕಾವಿಗೆ ಕೂತಿದ್ದಾಳೆ. ಬನ್ನಿ, ಸಂದಿಯಲ್ಲಿ ಬಗ್ಗಿ ನೋಡಿ, ಆ ಬಚ್ಚಲ ಹಿಂದಿನ ಕುಕ್ಕೆ. ಬೂದಿ ಹಾಕಿ ಮೇಲೆ ಹುಲ್ಲು ಹಾಸಿ ಹತ್ತು ಮೊಟ್ಟೆ ಇಟ್ಟಿದ್ದೆ. ಬೂದಿ ಇದ್ದರೆ ಹೇನು ಹತ್ತೋಲ್ಲ. ಅಜ್ಜಿ ಒಂದು ಚೂರು ಕಬ್ಬಿಣ, ಒಂದು ಇದ್ದಿಲು ಇಡೋರು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಕಬ್ಬಿಣ ಗುಡುಗನ್ನು ತಡೆಯುತ್ತೋ ಇಲ್ಲವೋ, ಅಜ್ಜಿಯ ಆ ಮೊಳೆಯನ್ನು ನಾನು ಇಡದೆ ಬಿಟ್ಟಿಲ್ಲ. ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ನಾಲ್ಕರಲ್ಲಿ ಜೇಡರ ಬಲೆಯಂತೆ ರಕ್ತನಾಳ ಕಂಡವು. ಆರು ಬರೀ ಬೆಳಕು, ಬೀಜವಿಲ್ಲದವು. ಹುಂಜಕ್ಕೆ ವಯಸ್ಸಾಯಿತು. ಆರನ್ನು ತೆಗೆದೆ. ಅವಳು ದಿನಕ್ಕೆ ಒಂದೇ ಸಲ ಇಳಿದು, ತಿಂದು ಕುಡಿದು ಕಾಲು ಗಂಟೆಯಲ್ಲಿ ವಾಪಸ್ಸು. ಹಗಲೂ ರಾತ್ರಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತಾಳೆ. ಎದೆಯ ಗರಿ ಉದುರಿ ಬರೀ ಚರ್ಮ ಇದೆ, ಅದನ್ನೇ ಮೊಟ್ಟೆಗೆ ತಾಗಿಸಿ ಕೂರುತ್ತಾಳೆ. ಮೊಟ್ಟೆಗೆ ಗರಿ ಅಡ್ಡ ಬರಬಾರದು ನೋಡಿ.

ಇವತ್ತಿಗೆ ಹದಿನೇಳು ದಿನ. ಶುಕ್ರವಾರ ಇಪ್ಪತ್ತೊಂದು. ನಿಮ್ಮ ಮರಿಗಳು ಗುರುವಾರ ಬರುತ್ತವೆ. ನನ್ನವು ನಾಲ್ಕು, ನಿಮ್ಮವು ಹತ್ತು. ಹದಿನಾಲ್ಕನ್ನು ರೆಕ್ಕೆ ಅಡಿ ಮುಚ್ಚಿಕೊಳ್ಳುವಷ್ಟು ಅಗಲ ಇದ್ದಾಳೆ ಕೆಂಚಿ. ಗುರುವಾರ ಒಂದು ರಾತ್ರಿ ನೀವು ತಾಯಿಯಾಗಿ. ಬಲ್ಬ್, ಗೋಣಿ, ಬೆಲ್ಲದ ನೀರು, ಎಲ್ಲ ಹೇಳಿದ್ದೇನೆ. ಶುಕ್ರವಾರ ಅವಳ ಮರಿಗಳು ಒಡೆದ ರಾತ್ರಿಯೇ ನಿಮ್ಮವನ್ನೂ ಸೇರಿಸೋಣ. ಹಗಲಲ್ಲಿ ಬಿಟ್ಟರೆ ಬಣ್ಣ ನೋಡಿ ಕುಕ್ಕಬಹುದು. ಕತ್ತಲಲ್ಲಿ ಒಂದೊಂದೇ ಹೊಟ್ಟೆ ಅಡಿಗೆ ಜಾರಿಸಿದರೆ ಬೆಳಿಗ್ಗೆ ಎಲ್ಲವೂ ಅವಳವೇ. ನಸುಕಿಗೆ ನಾನು ಇಲ್ಲೇ ಕೂತು ಕಾಯುತ್ತೇನೆ. ಒಂದಕ್ಕೆ ಕುಕ್ಕಿದರೂ ತೆಗೆದು ಮತ್ತೆ ಬಲ್ಬಿನಡಿಗೆ. ಅದಕ್ಕೇ ಬಲ್ಬ್ ಬಿಚ್ಚಬೇಡಿ. ಆದರೆ ನನ್ನ ಕೆಂಚಿಯನ್ನು ನಾನು ಬಲ್ಲೆ. ಕೋಳಿ ತುಳಿದು ಮರಿ ಸಾಯೋಲ್ಲ ಅನ್ನೋ ಗಾದೆ ಇವಳಂಥವಳನ್ನು ನೋಡಿಯೇ ಹುಟ್ಟಿರಬೇಕು.

ಮೊಟ್ಟೆಯೊಳಗಿನ ಮರಿ ಒಡೆಯುವ ಹಿಂದಿನ ದಿನವೇ ಒಳಗಿಂದ ಕೂಗುತ್ತೆ, ಇವಳು ಮೇಲಿಂದ ಮೆತ್ತಗೆ ಉತ್ತರ ಕೊಡುತ್ತಾಳೆ. ಗುರುವಾರ ಸಂಜೆ ಮಗಳನ್ನು ಕಳಿಸಿ, ಕಿವಿಗೆ ಹಿಡಿದು ಕೇಳಿಸುತ್ತೇನೆ. ಶುಕ್ರವಾರ ರಾತ್ರಿ ಎಂಟರ ಮೇಲೆ ನೀವೂ ಬನ್ನಿ, ಬೇಲಿ ಸುತ್ತಿ ಬರಬೇಡಿ, ಈ ಸಂದಿಯಲ್ಲೇ ತೂರಿ. ಟಾರ್ಚ್ ಬೇಡ. ಬರೋ ಮುಂಚೆ ಒಲೆ ಮುಂದೆ ಕೂತು ಕೈ ಮಾತ್ರ ಬೆಚ್ಚಗೆ ಮಾಡಿಕೊಂಡಿರಿ.